ಮೂರೇ ದಿನದಲ್ಲಿ ಅಚ್ಚು ಹಾಕಿಸಿ ಕೊಡ್ತಾರಂತೆ, ದುಡ್ಡು ಕಟ್ಟಲೇ?

ಪ್ರಶ್ನೆ: ನಾನು ಮೊಳಕಾಲ್ಮೂರಿನವಳು. ಚಳ್ಳಕೆರೆ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮ್ಯಾಸನಾಯಕರ ದೇವರ ಎತ್ತುಗಳು ಮತ್ತು ಅವನ್ನು ಕಾಯುವ ಕಿಲಾರಿಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಾಲ್ಕು ವರ್ಷ ಹಟ್ಟಿ, ದನ ಕೂಡುವ ರೊಪ್ಪ ಅಂತ ತಿರುಗಿ ಬರೆದ ಮೊದಲ ಲೇಖನವನ್ನು ಒಂದು ಅಧ್ಯಯನ ಪತ್ರಿಕೆಗೆ ಕಳಿಸಿದ್ದೆ. ಏಳು ತಿಂಗಳಾದ ಮೇಲೆ ವಾಪಸ್ ಬಂತು, ಜೊತೆಗೆ ಎರಡೂವರೆ ಪುಟ ತಪ್ಪುಗಳ ಪಟ್ಟಿ. ಓದಿ ಎರಡು ದಿನ ಊಟ ಸೇರಲಿಲ್ಲ. ಅಷ್ಟರಲ್ಲಿ ವಾಟ್ಸ್ಆಪ್ ಗ್ರೂಪಿಗೆ ಒಂದು ಮೆಸೇಜ್ ಬಂತು: ‘ಇಂಟರ್‌ನ್ಯಾಷನಲ್ ಜರ್ನಲ್, ಕೇರ್ ಲಿಸ್ಟೆಡ್, ಹೈ ಇಂಪ್ಯಾಕ್ಟ್ ಫ್ಯಾಕ್ಟರ್, 3 ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಹಿತ ರೂ. 3,500.’ ನಮ್ಮ ಕಾಲೇಜಿನ ಇಬ್ಬರು ಹಾಗೇ ಹಾಕಿಸಿಕೊಂಡಿದ್ದಾರೆ. ನಾನೂ ಲೇಖನದ ಫೈಲ್ ಕಳಿಸಿಬಿಟ್ಟೆ, ದುಡ್ಡು ಇನ್ನೂ ಕಟ್ಟಿಲ್ಲ. ಅಪ್ಪ ಮಗ್ಗದ ಕೆಲಸದವರು, ಸೀರೆಯ ಕೂಲಿ ಬಂದ ಮೇಲೆ ಕೊಡ್ತೀನಿ ಅಂದಿದ್ದಾರೆ. ಇದರ ಜೊತೆಗೆ ಗೈಡ್ ಸರ್ ತಮ್ಮ ಹೆಸರು ಮೊದಲು ಹಾಕು, ಸ್ನೇಹಿತರೊಬ್ಬರ ಹೆಸರು ಕೊನೆಗೆ ಸೇರಿಸು ಅನ್ನುತ್ತಿದ್ದಾರೆ. ಆ ಸ್ನೇಹಿತರನ್ನು ನಾನು ನೋಡಿಯೇ ಇಲ್ಲ. ಕನ್ನಡದಲ್ಲಿ ಬರೆದರೆ ಲೆಕ್ಕಕ್ಕೆ ಬರಲ್ಲ ಅಂತಲೂ ಹೇಳುತ್ತಾರೆ. ವಾಪಸ್ ಬಂದ ಲೇಖನ, ಆ ಪಟ್ಟಿ ಎರಡನ್ನೂ ಲಗತ್ತಿಸಿದ್ದೇನೆ. ಏನು ಮಾಡಲಿ?
ಹೆಸರು ಬೇಡ, ಮೊಳಕಾಲ್ಮೂರು

ಉತ್ತರ: ತಂಗಿ, ದುಡ್ಡು ಕಟ್ಟಬೇಡಿ. ಅಪ್ಪನಿಗೂ ಇವತ್ತೇ ಹೇಳಿಬಿಡಿ, ಆ ಹಣ ಮನೆಗೇ ಇರಲಿ.

ನೀವು ಲಗತ್ತಿಸಿದ್ದನ್ನೆಲ್ಲ ಓದಿದೆ. ತಪ್ಪುಗಳ ಪಟ್ಟಿಯನ್ನು ನೀವು ಪೂರ್ತಿ ಓದಿಲ್ಲ ಅನ್ನಿಸುತ್ತದೆ. ಮೂರನೇ ಹಾಳೆಯ ಅರ್ಧದಲ್ಲಿ, ವಿಮರ್ಶಕರ ಮಾತು ಮುಗಿದ ಮೇಲೆ, ಸಂಪಾದಕರು ಒಂದು ಸಾಲು ಬರೆದಿದ್ದಾರೆ: ಈ ಅಂಶಗಳನ್ನು ಗಮನಿಸಿ ಪರಿಷ್ಕರಿಸಿದರೆ ಲೇಖನವನ್ನು ಮತ್ತೆ ಪರಿಶೀಲಿಸುತ್ತೇವೆ ಎಂದು. ಕಣ್ಣು ಮಂಜಾಗಿದ್ದಾಗ ಆ ಸಾಲು ಕಾಣದೆ ಹೋಗಿರಬಹುದು. ನಿಮ್ಮ ಲೇಖನ ತಿರಸ್ಕಾರವಾಗಿಲ್ಲ, ತಿದ್ದುವುದಕ್ಕೆ ಬಂದಿದೆ. ಅಧ್ಯಯನ ಪತ್ರಿಕೆಗಳ ಲೋಕದಲ್ಲಿ ಇವೆರಡಕ್ಕೂ ಅಜಗಜಾಂತರ. ಮೊದಲ ಸಲವೇ ಒಂದು ತಿದ್ದುಪಡಿಯೂ ಇಲ್ಲದೆ ಒಪ್ಪಿಗೆಯಾಗುವ ಲೇಖನ ಅಪರೂಪ. ದೊಡ್ಡ ಹೆಸರಿನವರಿಗೂ ಇಂಥ ಪಟ್ಟಿ ಬರುತ್ತದೆ, ಅವರು ಯಾರಿಗೂ ತೋರಿಸುವುದಿಲ್ಲ ಅಷ್ಟೇ.

ನನ್ನದೇ ಒಂದು ಮಾತು ಹೇಳುತ್ತೇನೆ. ನನ್ನ ಮೊದಲ ಲೇಖನ ಅಂಚೆಯಲ್ಲಿ ವಾಪಸ್ ಬಂದಿತ್ತು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ ಗುರುತು, ಒಂದು ಕಡೆ ‘ಇದು ನಿಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆ. ಅವಮಾನವಾಗಿ ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಎರಡು ವರ್ಷ ಬಿಟ್ಟು ತೆಗೆದು ನೋಡಿದಾಗ ಆ ಪೆನ್ಸಿಲ್ಲಿನವರು ಕೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ಅದೇ ವಿಷಯದ ಮೇಲೆ ಬೇರೊಬ್ಬರ ಲೇಖನ ಬಂದಾಗಿತ್ತು. ಆ ಎರಡು ವರ್ಷ ನನಗೆ ಇನ್ನೂ ನೋವು ಕೊಡುತ್ತದೆ. ನಿಮಗೆ ಹಾಗಾಗಬಾರದು.

ಈಗ ಆ ವಾಟ್ಸ್ಆಪ್ ಮೆಸೇಜನ್ನು ಒಂದೊಂದೇ ಪದ ಬಿಡಿಸಿ ನೋಡೋಣ. ‘ಕೇರ್ ಲಿಸ್ಟೆಡ್’ ಅಂದಿದ್ದಾರೆ. ಆ ಪಟ್ಟಿಯೇ ಈಗ ಇಲ್ಲ. ಯುಜಿಸಿ 2018ರ ಕೊನೆಯಲ್ಲಿ ಕೇರ್ ಎಂಬ ವ್ಯವಸ್ಥೆ ಮಾಡಿತು, 2019ರಲ್ಲಿ ಒಪ್ಪಿತ ಪತ್ರಿಕೆಗಳ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟಿರುವುದಾಗಿ ಯುಜಿಸಿಯೇ ಪ್ರಕಟಿಸಿತು. ಒಂದು ಪತ್ರಿಕೆ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆ ಈಗ ವಿಶ್ವವಿದ್ಯಾಲಯಗಳ ಮೇಲೆ, ನಮ್ಮ ನಿಮ್ಮಂಥ ಅಧ್ಯಾಪಕರ ಮೇಲೆ ಬಿದ್ದಿದೆ. ಇಲ್ಲದ ಪಟ್ಟಿಯ ಹೆಸರು ಹೇಳಿ ದುಡ್ಡು ಕೇಳುವವರನ್ನು ಅದೊಂದೇ ಕಾರಣಕ್ಕೆ ದೂರ ಇಡಬಹುದು. ಪಟ್ಟಿ ಇದ್ದ ದಿನಗಳಲ್ಲೂ, ಅದರಲ್ಲಿದ್ದ ಒಳ್ಳೆಯ ಪತ್ರಿಕೆಗಳ ಹೆಸರನ್ನೇ ಇಟ್ಟುಕೊಂಡು ನಕಲಿ ಜಾಲತಾಣ ಮಾಡಿ ಲೇಖಕರನ್ನು ಹಿಡಿಯುವವರಿದ್ದರು.

‘ಐಎಸ್ಎಸ್ಎನ್ ನಂಬರ್ ಇದೆ’ ಎಂದೂ ಇಂಥವರು ಹೇಳುತ್ತಾರೆ. ನೀವು ದನಗಳ ನಡುವೆ ಕೆಲಸ ಮಾಡುವವರು, ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ಪಶು ಇಲಾಖೆಯವರು ಕಿವಿಗೆ ಹಳದಿ ಓಲೆ ಚುಚ್ಚುತ್ತಾರಲ್ಲ, 12 ಅಂಕೆಯದು, ಅದರಿಂದ ಈ ಹಸು ಯಾವುದು ಅಂತ ಗೊತ್ತಾಗುತ್ತದೆ. ಎಷ್ಟು ಹಾಲು ಕೊಡುತ್ತದೆ, ಕಾಯಿಲೆ ಇದೆಯೇ ಅಂತ ಗೊತ್ತಾಗುವುದಿಲ್ಲ. ಐಎಸ್ಎಸ್ಎನ್ ಅಂಥದೇ 8 ಅಂಕೆಯ ಓಲೆ. ನಿಯತಕಾಲಿಕ ಅನ್ನಿಸಿಕೊಂಡ ಯಾವುದಕ್ಕಾದರೂ ಸಿಗುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಕಥೆಯೂ ಇದೇ. ಆ ಹೆಸರಿನ ನಿಜವಾದ ಲೆಕ್ಕವನ್ನು ಕ್ಲಾರಿವೇಟ್ ಎಂಬ ಸಂಸ್ಥೆ ವರ್ಷಕ್ಕೊಮ್ಮೆ ಹೊರಡಿಸುತ್ತದೆ. ಅದಕ್ಕೆ ಹೋಲುವ ಹೆಸರಿಟ್ಟುಕೊಂಡು ದುಡ್ಡಿಗೆ ಅಂಕಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ.

ಉಳಿದದ್ದು ‘3 ದಿನ’. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ಮೂರು ದಿನದಲ್ಲಿ ಅಚ್ಚಾಗುವ ಲೇಖನವನ್ನು ಯಾರೂ ಓದಿರುವುದಿಲ್ಲ. ನಿಮಗೆ ಏಳು ತಿಂಗಳಾದ ಮೇಲೆ ಬಂದ ಆ ಎರಡೂವರೆ ಪುಟವನ್ನು ನೋಡಿ. ನಿಮ್ಮ ಹೆಸರೂ ಗೊತ್ತಿಲ್ಲದ ಇಬ್ಬರು ತಮ್ಮ ಕೆಲಸ ಬಿಟ್ಟು ಕೂತು, ಒಂದು ಪೈಸೆ ತೆಗೆದುಕೊಳ್ಳದೆ ಸಾಲು ಸಾಲಾಗಿ ಓದಿದ್ದಾರೆ. ಆರನೇ ಪುಟದ ಅಡಿಟಿಪ್ಪಣಿಯಲ್ಲಿ ಊರಿನ ಹೆಸರು ತಪ್ಪಾಗಿದ್ದದ್ದನ್ನೂ ಹಿಡಿದಿದ್ದಾರೆ. ನಿಮ್ಮ ನಾಲ್ಕು ವರ್ಷದ ತಿರುಗಾಟವನ್ನು ಇಷ್ಟು ಮುತುವರ್ಜಿಯಿಂದ ಓದಿದವರು ನಿಮಗೆ ಇದಕ್ಕೆ ಮುಂಚೆ ಸಿಕ್ಕಿದ್ದರೇ?

ಇಂಥ ಮೂರು ದಿನದ ಪತ್ರಿಕೆಗಳು ನಮ್ಮ ಜಿಲ್ಲೆಗೆ ಮಾತ್ರ ಬಂದ ಪಿಡುಗಲ್ಲ. ಅಮೆರಿಕದ ಜೆಫ್ರಿ ಬೀಲ್ ಎಂಬ ಗ್ರಂಥಪಾಲಕರು ಇಂಥ ಪತ್ರಿಕೆಗಳಿಗೆ ‘ಬೇಟೆಗಾರ ಪತ್ರಿಕೆಗಳು’ ಎಂಬ ಅರ್ಥದ ಹೆಸರಿಟ್ಟು ವರ್ಷಗಟ್ಟಲೆ ಪಟ್ಟಿ ಮಾಡಿದರು, 2017ರ ಜನವರಿಯಲ್ಲಿ ಆ ಪಟ್ಟಿ ನಿಂತಿತು. 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಹೈದರಾಬಾದಿನ ಒಂದು ಪ್ರಕಾಶನ ಸಂಸ್ಥೆ 5 ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಬೇಕೆಂದು ಆದೇಶಿಸಿತು. ವಿಮರ್ಶಕರು ಓದಿ ಒಪ್ಪಿದ್ದಾರೆಂದು ಲೇಖಕರನ್ನು ನಂಬಿಸಿದ್ದು, ಶುಲ್ಕವನ್ನು ಮೊದಲೇ ಹೇಳದೆ ಮುಚ್ಚಿಟ್ಟದ್ದು ಅದರ ಮೇಲಿದ್ದ ಆರೋಪ.

ನೀವು ಫೈಲ್ ಕಳಿಸಿಬಿಟ್ಟಿದ್ದೀರಿ, ಅದಕ್ಕೆ ಗಾಬರಿ ಬೇಡ. ಇವತ್ತೇ ಅವರಿಗೆ ಇ-ಮೇಲ್ ಮಾಡಿ. ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಪ್ರಕಟಿಸಲು ಅನುಮತಿ ಕೊಟ್ಟಿಲ್ಲ, ಹಕ್ಕುಪತ್ರಕ್ಕೆ ಸಹಿ ಮಾಡಿಲ್ಲ, ಹಣ ಕಟ್ಟಿಲ್ಲ ಎಂದು ನಾಲ್ಕೇ ಸಾಲು ಸಾಕು. ವಾಟ್ಸ್ಆಪ್‌ನಲ್ಲಿ ಮಾತ್ರ ಹೇಳಿ ಸುಮ್ಮನಾಗಬೇಡಿ, ಇ-ಮೇಲಿನ ಪ್ರತಿ ನಿಮ್ಮ ಹತ್ತಿರ ಇರಲಿ. ಹಿಂದಕ್ಕೆ ಪಡೆಯುವುದಕ್ಕೂ ಶುಲ್ಕ ಕೊಡಿ ಎಂದು ಕೆಲವರು ಹೆದರಿಸುತ್ತಾರೆ. ಕೊಡಬೇಡಿ. ಇಷ್ಟು ಅವಸರ ಮಾಡುವುದಕ್ಕೆ ಕಾರಣವಿದೆ. ಅಲ್ಲಿ ಒಮ್ಮೆ ಪ್ರಕಟವಾದರೆ ಅದೇ ಲೇಖನವನ್ನು ಬೇರೆ ಯಾವ ಪತ್ರಿಕೆಯೂ ಮುಟ್ಟುವುದಿಲ್ಲ. ನಾಲ್ಕು ವರ್ಷದ ಕೆಲಸ ಯಾರೂ ತೆರೆಯದ ಪುಟದಲ್ಲಿ ಸಿಕ್ಕಿಕೊಳ್ಳುತ್ತದೆ. ನಾಳೆ ಸಂದರ್ಶನದಲ್ಲಿ ಆ ಪತ್ರಿಕೆಯ ಹೆಸರು ಕೇಳಿ ಎದುರು ಕೂತವರು ಮುಖ ಮುಖ ನೋಡಿಕೊಂಡರೆ, ತಗ್ಗುವುದು ನಿಮ್ಮ ಬೆಲೆಯೇ.

ಹಣ ಕೇಳುವ ಪತ್ರಿಕೆಯೆಲ್ಲ ಮೋಸದ್ದು ಎಂದು ನಾನು ಹೇಳುತ್ತಿಲ್ಲ. ಯಾರು ಬೇಕಾದರೂ ಪುಕ್ಕಟೆ ಓದುವಂತೆ ಲೇಖನವನ್ನು ಮುಕ್ತವಾಗಿಡುವ ಒಳ್ಳೆಯ ಪತ್ರಿಕೆಗಳು, ಅದರಲ್ಲೂ ವಿಜ್ಞಾನದವು, ಲೇಖಕರಿಂದ ಶುಲ್ಕ ಪಡೆಯುವುದುಂಟು. ಅವರು ಅದನ್ನು ಮೊದಲೇ ಬಹಿರಂಗವಾಗಿ ಹೇಳಿರುತ್ತಾರೆ, ಲೇಖನ ಒಪ್ಪಿಗೆಯಾದ ಮೇಲೆ ಕೇಳುತ್ತಾರೆ, ಕೊಡಲಾಗದವರಿಗೆ ರಿಯಾಯಿತಿಯೂ ಇರುತ್ತದೆ. ಪರೀಕ್ಷಿಸುವ ದಾರಿ ಸರಳ. ಆ ಪತ್ರಿಕೆಯ ಹಿಂದಿನ ಎರಡು ಸಂಚಿಕೆ ತೆರೆದು ಓದಿ. ಒಂದೇ ಸಂಚಿಕೆಯಲ್ಲಿ ವಚನ, ಸಿಮೆಂಟು, ಮಧುಮೇಹ, ಷೇರುಪೇಟೆ ಎಲ್ಲ ಇದ್ದರೆ ಅಲ್ಲಿಗೇ ಮುಚ್ಚಿಡಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಪ್ರಾಧ್ಯಾಪಕರೊಬ್ಬರಿಗೆ, ಅವರ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ವಿಳಾಸ ಹಿಡಿದು, ‘ಸರ್, ನೀವು ಈ ಪತ್ರಿಕೆಯಲ್ಲಿದ್ದೀರಾ?’ ಎಂದು ಬರೆದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರೂ ಇರುತ್ತಾರೆ. ಸೀರೆ ಕೊಳ್ಳುವವರು ಹೊಳಪಿಗೆ ಮರುಳಾಗದೆ ಒಳಮೈ ತಿರುವಿ ನೋಡಲಿ ಎಂದು ನಿಮ್ಮ ಮನೆಯಲ್ಲೇ ಬಯಸುತ್ತಾರಲ್ಲವೇ? ಇದೂ ಹಾಗೇ.

ಇನ್ನು ವಿಮರ್ಶಕರು ಕೇಳಿದ ಪ್ರಶ್ನೆಗಳ ವಿಚಾರಕ್ಕೆ ಬರುತ್ತೇನೆ, ನನಗೆ ಮುಖ್ಯವಾಗಿ ಕಾಣುವುದು ಅದೇ.

ಲೇಖನದಲ್ಲಿ ಹನ್ನೊಂದು ಕಡೆ ‘ಕಿಲಾರಿಗಳು ಹೇಳುತ್ತಾರೆ’ ಎಂದಿದೆ. ಯಾವ ಕಿಲಾರಿ, ಯಾವ ರೊಪ್ಪ, ಯಾವ ವರ್ಷ, ಎಷ್ಟು ಜನ ಎಂದು ವಿಮರ್ಶಕರು ಕೇಳಿದ್ದಾರೆ. ನಿಮ್ಮ ನೋಟುಬುಕ್ಕಿನಲ್ಲಿ ಇವೆಲ್ಲ ಇದ್ದೇ ಇರುತ್ತವೆ, ಲೇಖನದಲ್ಲಿ ಇಳಿಸಿಲ್ಲ. ಕಿಲಾರಿಗಳು ನಿಮ್ಮ ಜೊತೆ ಮಾತಾಡಿದ್ದು ತೆಲುಗಿನಲ್ಲಿ, ಬರೆದಿರುವುದು ಕನ್ನಡದಲ್ಲಿ, ಅನುವಾದ ಮಾಡಿದವರು ಯಾರು ಎಂದೂ ಕೇಳಿದ್ದಾರೆ. ನೀವೇ ಮಾಡಿದ್ದರೆ ಹಾಗೆಂದು ಬರೆಯಿರಿ, ಮುಖ್ಯ ಮಾತುಗಳನ್ನು ಅವರ ತೆಲುಗಿನಲ್ಲೇ ಕನ್ನಡ ಲಿಪಿಯಲ್ಲಿ ಕೊಟ್ಟು ಕೆಳಗೆ ಅರ್ಥ ಕೊಡಿ. ಲೇಖನದ ತೂಕ ಅದರಿಂದಲೇ ಹೆಚ್ಚುತ್ತದೆ.

‘ಈ ಪದ್ಧತಿ ಶತಮಾನಗಳಿಂದ ಬದಲಾಗದೆ ಉಳಿದಿದೆ’ ಎಂಬ ವಾಕ್ಯದ ಎದುರು ‘ಆಧಾರ?’ ಎಂದಿದೆ. ಈ ಒಂದು ಪದ ನಿಮಗೆ ದೊಡ್ಡ ಉಪಕಾರ ಮಾಡಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ಸರ್ಕಾರ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಿದೆ, ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಹಿಂದೆ ಹಿಂಡುಗಳು ಮೇಯುತ್ತಿದ್ದ ಹುಲ್ಲುಗಾವಲಿನ ಸುತ್ತ ಗೋಡೆ ಎದ್ದಿದೆ. ನೀವು ಹೋದ ರೊಪ್ಪಗಳ ಎತ್ತುಗಳು ಈಗ ಎಲ್ಲಿ ಮೇಯುತ್ತವೆ? ಬರಗಾಲದಲ್ಲಿ ಮೇವು ಎಲ್ಲಿಂದ ಬರುತ್ತದೆ? ಕಿಲಾರಿಯ ಮಗ ಕಿಲಾರಿಯಾಗುತ್ತಾನೆಯೇ, ಬೆಂಗಳೂರಿಗೆ ಹೋಗುತ್ತಾನೆಯೇ? ಇದರ ಬಗ್ಗೆ ಏಳನೇ ಪುಟದಲ್ಲಿ ನೀವೇ ಎರಡು ಸಾಲು ಬರೆದು ಬಿಟ್ಟಿದ್ದೀರಿ. ಅದು ಎರಡು ಸಾಲಿನ ವಿಷಯವಲ್ಲ.

ಹಿಂದೆ ಈ ಸೀಮೆಯಲ್ಲಿ ಕೆಲಸ ಮಾಡಿದವರ ಹೆಸರೇ ಇಲ್ಲ ಎಂಬ ದೂರು ಕೂಡ ನ್ಯಾಯವಾದದ್ದು. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಬಗ್ಗೆ ಮಾಡಿದ ಅಧ್ಯಯನ ನಿಮ್ಮ ವಿಷಯದ ಪಕ್ಕದ ಹಟ್ಟಿಯದೇ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳು ಇವತ್ತು ನಮಗೆ ಓದಲು ಸಿಗುತ್ತಿದ್ದರೆ ಕೃಷ್ಣಮೂರ್ತಿ ಹನೂರರಂಥವರು ಅವರ ಎದುರು ಕೂತು ಬರೆದುಕೊಂಡದ್ದರಿಂದ. ಇವರನ್ನೆಲ್ಲ ಓದಿ, ಒಪ್ಪುವ ಕಡೆ ಒಪ್ಪಿ, ಒಪ್ಪದ ಕಡೆ ಏಕೆಂದು ಹೇಳಿ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಒಂದು ವಾರ ಆ ಹಾಳೆಗಳನ್ನು ಮುಟ್ಟಬೇಡಿ. ಆಮೇಲೆ ಒಂದು ಕಾಗದದ ನಡುವೆ ಗೆರೆ ಎಳೆದು, ಎಡಗಡೆ ವಿಮರ್ಶಕರ ಮಾತು, ಬಲಗಡೆ ನೀವು ಮಾಡಿದ್ದು ಎಂದು ಬರೆಯುತ್ತಾ ಹೋಗಿ. ಎಲ್ಲವನ್ನೂ ಒಪ್ಪಬೇಕೆಂದಿಲ್ಲ. ಎರಡನೇ ವಿಮರ್ಶಕರು ಇದನ್ನು ಬರೀ ಗೋಪೂಜೆಯ ಚೌಕಟ್ಟಿನಲ್ಲಿ ನೋಡಿ ಎಂದಿರುವುದು ನನಗೂ ಸರಿ ಕಾಣಲಿಲ್ಲ. ನೀವು ಕಂಡದ್ದು ಬೇರೆ ಅನ್ನುವುದನ್ನು ಗೌರವದಿಂದ, ಕಾರಣ ಕೊಟ್ಟು ಬರೆಯಿರಿ. ತಿದ್ದಿದ ಲೇಖನದ ಜೊತೆ ಆ ಕಾಗದವನ್ನೂ ಕಳಿಸಿ, ಸಂಪಾದಕರು ಮೊದಲು ನೋಡುವುದು ಅದನ್ನೇ. ಅವರ ಉತ್ತರ ಬರುವ ತನಕ ಇನ್ನೊಂದು ಪತ್ರಿಕೆಗೆ ಕಳಿಸಬೇಡಿ. ಮತ್ತೊಂದು ಮಾತು: ಮುಸ್ಸಂಜೆಯಲ್ಲಿ ಕಿಲಾರಿ ಅಜ್ಜ ಎತ್ತುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದದ್ದು, ಕರೆಸಿಕೊಂಡ ಎತ್ತು ಮಾತ್ರ ತಲೆಯೆತ್ತಿದ್ದು, ಅದು ಒಂಬತ್ತನೇ ಪುಟದಲ್ಲಿ ಹೂತುಹೋಗಿದೆ. ಲೇಖನ ಅಲ್ಲಿಂದ ಶುರುವಾಗಲಿ.

‘ಅಚ್ಚಾದರೆ ಸಾಕು’ ಎಂದು ನಿಮ್ಮ ಸಹೋದ್ಯೋಗಿಗಳು ಹೇಳಬಹುದು. ನೀವು ಬ್ರಹ್ಮಗಿರಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದವರು, ನಿಮಗೆ ಅಲ್ಲಿನದೇ ಉದಾಹರಣೆ ಕೊಡುತ್ತೇನೆ. 1940ರ ದಶಕದ ಆರಂಭದಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಎಂ.ಎಚ್. ಕೃಷ್ಣ ಅಲ್ಲಿ ಅಗೆದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮತ್ತೆ ಅಗೆದು, ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 4ನೇ ಸಂಚಿಕೆಯಲ್ಲಿ ನೂರಕ್ಕೂ ಹೆಚ್ಚು ಪುಟದ ವರದಿ ಪ್ರಕಟಿಸಿದರು. ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅದರ ಮೇಲೆ ಆಂಧ್ರ ಕಾಲದ ಪದರ ಎಂದು ಮಣ್ಣಿನ ಒಂದೊಂದು ಪದರವನ್ನೂ ಚಿತ್ರ ಬರೆದು, ಮಡಕೆಯ ಚೂರುಗಳ ಆಕಾರ ಗುರುತಿಸಿ ತೋರಿಸಿದರು. ಅವರು ಹೇಳಿದ ಕಾಲಮಾನ ನಿಲ್ಲಲಿಲ್ಲ. ಕಲ್ಲುಕೊಡಲಿಯ ಜನರನ್ನು ಅವರು ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿಟ್ಟಿದ್ದರು. ಇಂಗಾಲದ ಪರೀಕ್ಷೆ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನದಷ್ಟು ಹಿಂದಕ್ಕೆ ಸರಿಯಿತು. ಆದರೂ ವಿದ್ವಾಂಸರು ಇವತ್ತಿಗೂ ಆ ವರದಿಯನ್ನು ತೆರೆಯುತ್ತಾರೆ. ತಪ್ಪನ್ನು ತಿದ್ದುವುದಕ್ಕೆ ಬೇಕಾದ ವಿವರವೆಲ್ಲ ಅದರಲ್ಲೇ ಇತ್ತು. ಯಾವ ರೊಪ್ಪ, ಯಾವ ದಿನ, ಯಾರ ಬಾಯಲ್ಲಿ ಎಂದು ವಿಮರ್ಶಕರು ನಿಮ್ಮಿಂದ ಕೇಳುತ್ತಿರುವುದೂ ಅಂಥ ವಿವರವನ್ನೇ. ಐವತ್ತು ವರ್ಷದ ಮೇಲೆ ಮ್ಯಾಸನಾಯಕರ ಹುಡುಗಿಯೊಬ್ಬಳು ತನ್ನ ತಾತನ ಎತ್ತುಗಳ ಬಗ್ಗೆ ಹುಡುಕಿದಾಗ ನಿಮ್ಮ ಲೇಖನ ಸಿಗಬೇಕು, ನೀವೆಲ್ಲಿ ತಪ್ಪಿದಿರಿ ಎಂದು ಅವಳಿಗೆ ತಿದ್ದಲು ಬರಬೇಕು.

ಹೆಸರಿನ ವಿಷಯಕ್ಕೂ ಅದೇ ಬೆಟ್ಟದ ಬುಡಕ್ಕೆ ಹೋಗೋಣ. ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನದಲ್ಲಿ ಯಾರ ಪಾತ್ರ ಏನೆಂಬುದು ಸ್ಪಷ್ಟವಾಗಿದೆ. ಮಾತು ದೇವಾನಾಂಪ್ರಿಯನದು, ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಅದನ್ನು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದಾರೆ, ಕೊನೆಯಲ್ಲಿ ಬರೆದವನು ಚಪಡ ಎಂದಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಸಿದ್ದಾನೆ. ಚಕ್ರವರ್ತಿಯ ಶಾಸನದಲ್ಲೂ ಕೆಲಸ ಮಾಡಿದವನ ಹೆಸರು ಉಳಿಯಿತು. ನಿಮ್ಮ ಲೇಖನದಲ್ಲಿ ಹಟ್ಟಿಗೆ ಹೋದವರು ನೀವು, ಬರೆದವರು ನೀವು, ಲೇಖಕಿಯ ಹೆಸರು ನಿಮ್ಮದೇ ಮೊದಲು. ಗೈಡ್ ಸರ್ ವಿಷಯ ರೂಪಿಸಿ, ಬರಹ ತಿದ್ದಿ ಕೊಟ್ಟಿದ್ದರೆ ಎರಡನೇ ಹೆಸರಾಗಿ ಸೇರಿಸಿ. ಸಲಹೆ ಮಾತ್ರ ಕೊಟ್ಟಿದ್ದರೆ ಕೃತಜ್ಞತೆಯಲ್ಲಿ ಹೆಸರಿಸಿ. ನೀವು ಮುಖವೇ ನೋಡದವರಿಗೆ ಅಲ್ಲಿ ಜಾಗವಿಲ್ಲ.

ಹೇಳುವುದು ಸುಲಭ, ನಿಮಗೆ ಬೇಕಾದ ಸಹಿಗಳೆಲ್ಲ ಗೈಡ್ ಕೈಯಲ್ಲಿವೆ ಎಂದು ನನಗೆ ಗೊತ್ತು. ಜಗಳಕ್ಕೆ ಹೋಗಬೇಡಿ. ‘ಸರ್, ಪ್ರತಿಯೊಬ್ಬ ಲೇಖಕರೂ ಏನು ಮಾಡಿದರು ಅಂತ ಪತ್ರಿಕೆಯವರು ಬರೆದು ಕೊಡಿ ಅಂದರೆ ನಿಮ್ಮ ಸ್ನೇಹಿತರ ಹೆಸರಿನ ಮುಂದೆ ಏನು ಬರೆಯಲಿ?’ ಎಂದು ವಿನಯವಾಗಿ ಕೇಳಿ. ಹಲವು ಪತ್ರಿಕೆಗಳು ಈಗ ನಿಜವಾಗಿಯೂ ಹಾಗೆ ಕೇಳುತ್ತವೆ. ಈ ಪ್ರಶ್ನೆಗೆ ಬಹಳ ಸಲ ಆ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ. ಬೀಳದಿದ್ದರೆ ವಿಭಾಗದಲ್ಲಿ ನೀವು ನಂಬುವ ಹಿರಿಯರೊಬ್ಬರಿಗೆ ಮೊದಲು ತಿಳಿಸಿ, ಒಬ್ಬರೇ ಹೊತ್ತುಕೊಳ್ಳಬೇಡಿ.

ಅವಸರದ ಮೂಲ ಪಿಎಚ್.ಡಿ. ನಿಯಮ ಎಂದು ಕಾಣುತ್ತದೆ. ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಒಂದು ಲೇಖನ, ವಿಚಾರಸಂಕಿರಣಗಳಲ್ಲಿ ಎರಡು ಮಂಡನೆ ಕಡ್ಡಾಯ ಎಂದಿದ್ದದ್ದು ಯುಜಿಸಿಯ 2016ರ ನಿಯಮ. 2022ರ ನವೆಂಬರಿನ ಹೊಸ ನಿಯಮ ಆ ಕಡ್ಡಾಯವನ್ನು ತೆಗೆದಿದೆ. ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಂಡಿರಬಹುದು, ನಿಮ್ಮ ನೋಂದಣಿ ಯಾವ ನಿಯಮದಡಿ ಇದೆ ಎಂಬುದನ್ನು ಪಿಎಚ್.ಡಿ. ವಿಭಾಗದಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಕಾರಿಡಾರಿನಲ್ಲಿ ಕೇಳಿದ ಮಾತಿಗೆ 3,500 ರೂಪಾಯಿ ಕಳೆಯಬಾರದು.

ಕನ್ನಡ ಲೆಕ್ಕಕ್ಕಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರದು. ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ ಶುರು ಮಾಡಿದ್ದು 1919ರಲ್ಲಿ, ಅವರ ಆಪ್ತ ಗೆಳೆಯ ಟಿ.ಎಸ್. ವೆಂಕಣ್ಣಯ್ಯನವರು ನಿಮ್ಮ ಪಕ್ಕದ ತಳುಕಿನವರೇ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಅಧ್ಯಯನ ಪತ್ರಿಕೆಗಳಿವೆ, ಇತಿಹಾಸ ಅಕಾಡೆಮಿಯ ‘ಇತಿಹಾಸ ದರ್ಶನ’ ಇದೆ. ಮುಂದಿನ ಲೇಖನಗಳಿಗೆ ಇತ್ತೀಚಿನ ಸಂಚಿಕೆ ನೋಡಿ ನಿಮ್ಮ ವಿಷಯಕ್ಕೆ ಹೊಂದುವುದನ್ನು ಆರಿಸಿ. ಈ ಲೇಖನ ಕನ್ನಡದಲ್ಲೇ ಬರಲಿ. ಕಾವಲು, ಮೇವು, ಭೂಮಿಯ ಪ್ರಶ್ನೆಯನ್ನು ಮುಂದೆ ಪ್ರತ್ಯೇಕ ಲೇಖನವಾಗಿ ಇಂಗ್ಲಿಷಿನಲ್ಲಿ ಬರೆಯಿರಿ, ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಂಥ ಪತ್ರಿಕೆ ಲೇಖಕರಿಂದ ದುಡ್ಡು ಕೇಳುವುದಿಲ್ಲ. ಇದನ್ನೇ ಅನುವಾದಿಸಿ ಹೊಸದೆಂದು ಕಳಿಸುವುದು ಮಾತ್ರ ಬೇಡ. ತನ್ನದನ್ನೇ ಹೇಳದೆ ಮರುಬಳಸುವುದೂ ತಪ್ಪೆಂದು ಯುಜಿಸಿ 2020ರಲ್ಲಿ ತಿಳಿಸಿದೆ.

ವಿಮರ್ಶಕರ ಕೊನೆಯ ಪ್ರಶ್ನೆ, ಹೆಸರು ಹಾಕಲು ಕಿಲಾರಿಯ ಒಪ್ಪಿಗೆ ಇದೆಯೇ ಎಂಬುದು. ತಿದ್ದಿ ಮುಗಿದ ಮೇಲೆ, ಕಳಿಸುವ ಮೊದಲು, ಪ್ರತಿ ಹಿಡಿದುಕೊಂಡು ಆ ರೊಪ್ಪಕ್ಕೆ ಹೋಗಿ. ದನ ಬಂದು ಸೇರುವ ಹೊತ್ತು ನೋಡಿಕೊಂಡು ಹೋಗಿ. ಅಜ್ಜನ ಮಾತುಗಳನ್ನು ಅವರ ತೆಲುಗಿನಲ್ಲೇ ಓದಿ ಹೇಳಿ. ‘ನಾನು ಹಾಗೆ ಹೇಳಲಿಲ್ಲವ್ವಾ’ ಎಂದರೆ ಅಲ್ಲೇ ಪೆನ್ನು ತೆಗೆದು ತಿದ್ದಿಕೊಳ್ಳಿ. ಹೆಸರು ಹಾಕಬಹುದೇ ಎಂದು ಆಗಲೇ ಕೇಳಿ. ಎತ್ತುಗಳ ಹೆಸರಿನ ಕಾಗುಣಿತವನ್ನೂ ಇನ್ನೊಮ್ಮೆ ಕೇಳಿಕೊಳ್ಳಿ, ಎರಡು ಕಡೆ ಬೇರೆ ಬೇರೆ ಬರೆದಿದ್ದೀರಿ.